ಸೋಮವಾರದ ಪೆನ್ಸಿಲ್ ಲೆಕ್ಕ: ಸ್ಪೀಡ್‌ವೇ ಸೀಸನ್ 2022

ಏಪ್ರಿಲ್

2021ರ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್‌ನ ನಮ್ಮ ಸ್ಪೀಡ್‌ವೇ ತಂಡ ಬೆಲ್ ವ್ಯೂ ಏಸಸ್ ಪೀಟರ್‌ಬರೋಗೆ ಸೋತಾಗಲೇ ತೀರ್ಮಾನ ಮಾಡಿದ್ದೆ. ಮುಂದಿನ ಸೀಸನ್ ಸುಮ್ನೆ ನೋಡಿ ಬರೋದಲ್ಲ, ಮ್ಯಾಂಚೆಸ್ಟರ್‌ನಲ್ಲಿ ನಡೆಯುವ ಪಂದ್ಯಗಳ ಒಂದೊಂದು ಹೀಟನ್ನೂ ಬರೆದಿಡಬೇಕು. ಈಗ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಬೈಕು, ನಾಲ್ಕು ಸುತ್ತು, ಹೆಚ್ಚು ಕಡಿಮೆ ಒಂದು ನಿಮಿಷ, ಇದೇ ಒಂದು ಹೀಟು. 500 ಸಿಸಿ ಬೈಕು, ಒಂದೇ ಗೇರು, ಬ್ರೇಕೇ ಇಲ್ಲ. ಕುಡಿಯೋದು ಮೆಥನಾಲ್. ತಿರುವು ಬಂದರೆ ಹಿಂದಿನ ಚಕ್ರವನ್ನು ಪಕ್ಕಕ್ಕೆ ಜಾರಿಸಿಕೊಂಡೇ ತಿರುಗಬೇಕು. ಎಡಗಾಲಿನ ಬೂಟಿಗೆ ಉಕ್ಕಿನ ತಟ್ಟೆ ಕಟ್ಟಿರುತ್ತಾರೆ, ಅದು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಒಂದು ತಂಡದಲ್ಲಿ ಏಳು ಜನ. ಪ್ರತಿ ಹೀಟಿಗೆ ಒಂದೊಂದು ತಂಡದಿಂದ ಇಬ್ಬರು. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಹೀಗೆ 15 ಹೀಟು, ಒಟ್ಟು 90 ಅಂಕ. 46 ಮುಟ್ಟಿದರೆ ಪಂದ್ಯ ನಿಮ್ಮದು.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ವೇಗ ಅಲ್ಲ, ವಾಸನೆ. ಈ ಎಂಜಿನ್ನುಗಳಿಗೆ ಹಾಕುವ ಆಯಿಲ್ಲಿನಲ್ಲಿ ಹರಳೆಣ್ಣೆ ಇರುತ್ತದೆ. ಸ್ಟೇಡಿಯಂ ಇರುವ ಗೋರ್ಟನ್ನಿನ ಚಳಿಯಲ್ಲಿ ನಿಂತಿದ್ದೆ, ಗಾಳಿ ಈ ಕಡೆ ತಿರುಗಿತು, ತೀರ್ಥಹಳ್ಳಿಯ ನಮ್ಮ ಬಚ್ಚಲುಮನೆ ನೆನಪಾಯಿತು. ದೀಪಾವಳಿಯ ಬೆಳಗಿನ ಜಾವ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ, ಇಲ್ಲಿ ಸುಟ್ಟು ಹೊಗೆಯಾಗಿ ಬರುತ್ತಿತ್ತು.

ಮೇ, ಜೂನ್

ಅಂಕ ಬರೆಯೋದು ಈಗ ಸಲೀಸು. ಹೆಲ್ಮೆಟ್ ಬಣ್ಣ ನೋಡಿದರೆ ಸಾಕು: ಕೆಂಪು, ನೀಲಿ ನಮ್ಮವರು, ಬಿಳಿ, ಹಳದಿ ಎದುರಾಳಿಗಳು. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದ್ದೇನೆ, ಯಾರು ಯಾವ ಗೇಟಿನಿಂದ, ಅಂದರೆ ಶುರುವಿನ ಗೆರೆಯ ಯಾವ ಜಾಗದಿಂದ, ಹೊರಟರು ಅಂತ. ಶುರುವಿನ ಗೆರೆಗೆ ಅಡ್ಡ ಕಟ್ಟಿದ ಟೇಪ್ ಮೇಲಕ್ಕೆ ಹಾರಿದ ಕ್ಷಣದಿಂದ ಮೊದಲ ತಿರುವಿನವರೆಗೆ ಅರ್ಧ ಕಥೆ ಮುಗಿದಿರುತ್ತದೆ, ಹಾಗಾಗಿ ಒಳಗಿನ ಗೇಟೇ ಒಳ್ಳೇದು ಅಂದುಕೊಂಡಿದ್ದೆ. ಆದರೆ ಬರೆಯುತ್ತಾ ಹೋದ ಹಾಗೆ ಬೇರೇನೇ ಕಾಣಿಸಿತು. ಟ್ರ್ಯಾಕ್ ಮೇಲೆ ಹಾಸಿರೋದು ಕಲ್ಲಿನ ಪುಡಿ. ಚಕ್ರಗಳು ಅದನ್ನು ಒಳಗಿನಿಂದ ಹೊರಗೆ ಎರಚುತ್ತವೆ. ಕೆಲವು ಹೀಟ್ ಕಳೆದ ಮೇಲೆ ಒಳಗೆ ನುಣ್ಣಗಾಗಿ, ಹಿಡಿತವೆಲ್ಲ ಹೊರ ಅಂಚಿಗೆ ಹೋಗಿರುತ್ತದೆ. ಆಗ ಬೇಲಿ ಪಕ್ಕದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಬರುವವನೇ ಮುಂದೆ. ಆಮೇಲೆ ಟ್ರ್ಯಾಕ್ಟರ್ ಬಂದು, ನಟ್ಟಿಗೆ ಮುಂಚೆ ಗದ್ದೆಗೆ ಹಲಗೆ ಹೊಡೆದ ಹಾಗೆ ಎಲ್ಲ ಸಮ ಮಾಡುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಟ್ರ್ಯಾಕ್ಟರ್ ಬಂದಾಗಲೆಲ್ಲ ಪುಟದಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದೇನೆ. ಈ ಗೆರೆ ಇಲ್ಲದೆ ಗೇಟಿನ ಕಾಲಂಗೆ ಅರ್ಥವೇ ಇಲ್ಲ.

ಜುಲೈ

ನನ್ನ ಪಕ್ಕದಲ್ಲಿ ಪ್ರತಿ ಸೋಮವಾರ ಒಬ್ಬರು ಹಿರಿಯ ಹೆಂಗಸು ಕೂರುತ್ತಾರೆ. ಚಿಕ್ಕವರಿದ್ದಾಗ ಅಪ್ಪನ ಜೊತೆ ಹೈಡ್ ರೋಡ್ ಟ್ರ್ಯಾಕಿಗೆ ಬರುತ್ತಿದ್ದರಂತೆ. 1955 ಮತ್ತು 1962ರ ವಿಶ್ವ ಚಾಂಪಿಯನ್ ಪೀಟರ್ ಕ್ರೇವನ್ ಓಡಿಸಿದ ಟ್ರ್ಯಾಕು ಅದು. 1963ರಲ್ಲಿ ಎಡಿನ್‌ಬರೋದಲ್ಲಿ ಬಿದ್ದು ಕ್ರೇವನ್ ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಊಟ ಮಾಡಲಿಲ್ಲ ಅಂದರು. ಆ ಟ್ರ್ಯಾಕ್ 1987ರಲ್ಲಿ ಮುಚ್ಚಿತು. ಆಮೇಲೆ ಕರ್ಕ್‌ಮನ್‌ಶುಲ್ಮ್ ಲೇನ್, 2016ರಿಂದ ಈ ಹೊಸ ಸ್ಟೇಡಿಯಂ. ಮೂರು ಕಡೆಯೂ ಅವರು ಪಂದ್ಯದ ಪ್ರೋಗ್ರಾಮ್ ಪುಸ್ತಕದಲ್ಲಿ ಅಂಕ ತುಂಬಿಸಿದ್ದಾರೆ.

ಈ ತಿಂಗಳ ಒಂದು ಹೀಟ್ ಬಗ್ಗೆ ವಿವರವಾಗಿ ಬರೆಯಲೇಬೇಕು. ಬಿಳಿ ಹೆಲ್ಮೆಟ್ ಮುಂದೆ ಹೋಗಿತ್ತು. ನಮ್ಮ ಕೆಂಪು ಎರಡನೆಯದು. ಹಿಂದೆ ನೀಲಿ ಹೆಲ್ಮೆಟ್‌ನ ರಿಸರ್ವ್ ಹುಡುಗ, ಅವನ ಬೆನ್ನಿಗೆ ಹಳದಿ. ಬಿಳಿ ಮತ್ತು ಕೆಂಪಿನ ನಡುವೆ ಎರಡು ಬೈಕಿನಷ್ಟೂ ಅಂತರ ಇರಲಿಲ್ಲ. ಕೆಂಪು ಅಟ್ಟಿಸಿಕೊಂಡು ಹೋಗಲಿ ಅಂತ ನಾನು ಕೂಗುತ್ತಿದ್ದೆ. ಅವನು ಹೋಗಲಿಲ್ಲ. ನೇರ ದಾರಿಯಲ್ಲಿ ಭುಜದ ಮೇಲಿಂದ ಹಿಂದೆ ನೋಡಿದ. ತಿರುವಿನಲ್ಲಿ ಸ್ವಲ್ಪ ಹೊರಗೆ ಸರಿದು, ಹುಡುಗನಿಗೆ ಒಳಗಿನ ದಾರಿ ಬಿಟ್ಟುಕೊಟ್ಟ. ಹಳದಿ ಹೊರಗಿನಿಂದ ನುಗ್ಗಲು ಬಂದರೆ ಅಲ್ಲಿ ಕೆಂಪು ನಿಂತಂತೆ ಅಡ್ಡ ಇತ್ತು. ಮತ್ತೆ ಹಿಂದೆ ನೋಡಿದ. ಕೊನೆಯ ಎರಡು ಸುತ್ತೂ ಇದೇ. ಬಿಳಿ, ಕೆಂಪು, ನೀಲಿ, ಹಳದಿ. 3-3.

ಪಕ್ಕದವರು ಹುಡುಗನ ಹೆಸರಿನ ಮುಂದೆ 1 ಬರೆದು, ಅದರ ತಲೆಯ ಪಕ್ಕ ಸಣ್ಣ ಗೀಟು ಎಳೆದರು: 1'. ಅದು ಬೋನಸ್ ಪಾಯಿಂಟ್. ತನ್ನ ಜೊತೆಗಾರನ ಹಿಂದೆಯೇ ಬಂದು, ಎದುರಾಳಿಯೊಬ್ಬನನ್ನಾದರೂ ಹಿಂದೆ ಹಾಕಿದವನಿಗೆ ಸಿಗೋದು. ತಂಡದ ಮೊತ್ತಕ್ಕೆ ಸೇರಲ್ಲ. ರೈಡರ್‌ನ ಸರಾಸರಿಗೆ ಸೇರುತ್ತದೆ.

ನಾನು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದೆ. ಕೆಂಪು ಅಟ್ಟಿಸಿಕೊಂಡು ಹೋಗಿ ಗೆದ್ದು, ಹುಡುಗ ಕೊನೆಗೆ ಉಳಿದಿದ್ದರೆ ಆಗಲೂ 3-3. ಅಟ್ಟಿಸಿಕೊಂಡು ಹೋಗಿ ಗೆಲ್ಲದೆ, ಹುಡುಗನೂ ಹಿಂದೆ ಬಿದ್ದಿದ್ದರೆ 2-4. ಇದೆಲ್ಲ ಅವನು ಬ್ರೇಕ್ ಇಲ್ಲದ ಬೈಕಿನ ಮೇಲೆ, ಕನ್ನಡಕಕ್ಕೆ ಕಲ್ಲಿನ ಪುಡಿ ಬಡಿಯುತ್ತಿರುವಾಗ, ಒಂದು ನಿಮಿಷದೊಳಗೆ ಯೋಚಿಸಿದ್ದ! ಬೋನಸ್ ಪಾಯಿಂಟ್ ಹುಡುಗನಿಗೆ ಬಂತು. ಅದನ್ನು ಕೊಡಿಸಿದವನ ಹೆಸರಿನ ಮುಂದೆ ಬರೀ 2. ಇದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಹೊಸ ಕಾಲಂ: ‘ಹಿಂದೆ ನೋಡಿದವರು’.

ಆಗಸ್ಟ್

ಪುಟಗಳು ಗೋಜಲಾಗಿವೆ. ಗಾಯಗೊಂಡವರ ಜಾಗಕ್ಕೆ ಬೇರೆ ತಂಡದಿಂದ ಗೆಸ್ಟ್ ರೈಡರ್ ತರಬಹುದು, ಹಾಗಾಗಿ ಮೊನ್ನೆ ಎದುರಾಳಿಯಾಗಿದ್ದವನು ಇವತ್ತು ನಮ್ಮ ಬಣ್ಣದಲ್ಲಿ. ಇಲ್ಲಿ ಓಡಿಸುವ ಎಷ್ಟೋ ಜನ ಅದೇ ವಾರ ಪೋಲೆಂಡ್, ಸ್ವೀಡನ್ ಲೀಗ್‌ಗಳಲ್ಲೂ ಓಡಿಸುತ್ತಾರೆ. ನಿದ್ದೆ ಯಾವಾಗ ಮಾಡುತ್ತಾರೋ! ನನಗೂ ನೈಟ್ ಶಿಫ್ಟ್ ಬಿದ್ದು ಎರಡು ಪಂದ್ಯ ತಪ್ಪಿದವು. ಆ ಪುಟ ಖಾಲಿ ಬಿಟ್ಟಿದ್ದೇನೆ.

ಅಕ್ಟೋಬರ್

ಗೆದ್ದೆವು. ಆರು ತಂಡಗಳ ಪ್ರೀಮಿಯರ್‌ಶಿಪ್‌ ಲೀಗಿನಲ್ಲಿ ಮೊದಲ ನಾಲ್ಕು ಪ್ಲೇಆಫ್‌ಗೆ ಬಂದವು. ಫೈನಲ್ ಶೆಫೀಲ್ಡ್ ಟೈಗರ್ಸ್ ಜೊತೆ, ಎರಡು ಪಂದ್ಯದ ಒಟ್ಟು ಅಂಕದ ಮೇಲೆ. ಬೆಲ್ ವ್ಯೂಗೆ ಲೀಗ್ ಪಟ್ಟ ಬಂದಿದ್ದು 1993ರ ನಂತರ ಈಗಲೇ, ಅಂದರೆ 29 ವರ್ಷ ಆದಮೇಲೆ. ಮ್ಯಾಂಚೆಸ್ಟರ್ ಪಂದ್ಯದಲ್ಲಿ ನಮ್ಮ ರೈಡರ್‌ಗಳು ಬ್ರೇಡಿ ಕರ್ಟ್ಜ್, ಮ್ಯಾಕ್ಸ್ ಫ್ರಿಕ್ ಬಂದಾಗ ಇಡೀ ಸ್ಟ್ಯಾಂಡ್ ಎದ್ದು ನಿಂತಿತ್ತು. ನನ್ನ ಕೈ ನಡುಗಿ, ಅವತ್ತಿನ ಪುಟದ ಅಂಕಿಗಳು ನನಗೇ ಓದಲು ಕಷ್ಟ.

ಈಗ ಚಳಿಗಾಲದ ಕೆಲಸ. ಪಕ್ಕದವರು ನಾನು ತಪ್ಪಿಸಿಕೊಂಡ ಎರಡು ಪಂದ್ಯದ ಪ್ರೋಗ್ರಾಮ್ ಪುಸ್ತಕ ಕೊಟ್ಟಿದ್ದಾರೆ, ಮಾರ್ಚ್‌ನಲ್ಲಿ ವಾಪಸ್ ಕೊಡಬೇಕು. ಅಂಕ, ಗೀಟು ಎಲ್ಲ ಇಳಿಸಿಕೊಂಡೆ. ‘ಹಿಂದೆ ನೋಡಿದವರು’ ಕಾಲಂ ಮಾತ್ರ ಖಾಲಿ ಉಳಿಯುತ್ತದೆ ಅಂದುಕೊಂಡಿದ್ದೆ. ಎರಡನೇ ಪುಸ್ತಕದ ಹನ್ನೊಂದನೇ ಹೀಟಿನಲ್ಲಿ ಒಂದು 2ರ ಸುತ್ತ ಅವರು ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತಿಟ್ಟಿದ್ದರು, ಅದರ ಕೆಳಗಿನ ಹೆಸರಿಗೆ 1'.