ಆರೋ, ಏಳೋ?

ಮಂಗಳೂರು, ಅಕ್ಟೋಬರ್ 11, 2024, ಶುಕ್ರವಾರ

ದಸರಾ ರಜೆಗೆ ಧಾರವಾಡದಿಂದ ಬಂದಿರುವ ಅಕ್ಕನ ಮಗ ಬೆಳಿಗ್ಗೆ ನೀರುದೋಸೆಯ ಎದುರು ಕುಳಿತೇ ಜಗಳ ತೆಗೆದ. ಅವನು ಹಿಂದೂಸ್ತಾನಿ ತಬಲಾ ಕಲಿಯುತ್ತಿದ್ದಾನೆ. ನಾನು ಮೂರು ವರ್ಷದಿಂದ ಪ್ರತಿ ಭಾನುವಾರ ಯಕ್ಷಗಾನದ ಮದ್ದಳೆ ಕಲಿಯುತ್ತಿದ್ದೇನೆ. ಕಲಿತೆ ಎನ್ನುವ ಧೈರ್ಯ ಇನ್ನೂ ಬಂದಿಲ್ಲ.

"ರೂಪಕ ತಾಳಕ್ಕೆ ಏಳು ಮಾತ್ರೆ, ಮಾವ" ಎಂದ. ಆರು ಎಂದೆ. (ಮಾತ್ರೆ ಎಂದರೆ ತಾಳದ ಒಂದು ಎಣಿಕೆ.) ಅವನು ಮೇಜಿನ ಮೇಲೆಯೇ ‘ತಿಂ ತಿಂ ನಾ, ಧಿಂ ನಾ, ಧಿಂ ನಾ’ ನುಡಿಸಿದ. ಎಣಿಸಿದೆ: ಮೂರು, ಎರಡು, ಎರಡು. ಏಳೇ! ಆದರೆ ಕರ್ನಾಟಕ ಸಂಗೀತದಲ್ಲಿ ಆ ಲೆಕ್ಕದ ಹೆಸರು ತಿಶ್ರ ತ್ರಿಪುಟ. ಯಕ್ಷಗಾನದಲ್ಲಿ ಏಳಕ್ಕೆ ತ್ರಿವುಡೆ ಇದೆ. ರೂಪಕ ಇಲ್ಲಿ ಆರೇ. ಹೆಸರು ಒಂದೇ, ಮನೆ ಬೇರೆ. ಅದಕ್ಕಿಂತ ಸೋಜಿಗವೆಂದರೆ ಹಿಂದೂಸ್ತಾನಿಯವರ ರೂಪಕದ ಮೊದಲ ಮಾತ್ರೆಯೇ ಖಾಲಿ. ತಾಳದ ಸುತ್ತು ಶುರುವಾಗುವ ಸಮದಲ್ಲಿ ಚಪ್ಪಾಳೆಯಿಲ್ಲ, ಬರಿಗೈ ಬೀಸಬೇಕು. ನನ್ನ ಕೈ ಕೇಳಬೇಕಲ್ಲ! ಅಲ್ಲಿ ಪೆಟ್ಟು ಬೀಳಲೇಬೇಕೆಂದು ಹಟ ಹಿಡಿಯಿತು. ದೋಸೆ ತಣ್ಣಗಾಯಿತು.

ಹನ್ನೊಂದರ ಹೊತ್ತಿಗೆ ಹುಲಿವೇಷದ ತಂಡ ಬಂತು. ತಾಸೆ ಎಂಬ ಚರ್ಮವಾದ್ಯ ಬಾರಿಸುವವರು ಮೊದಲು ಕೇಳಿದ್ದು ಹಳೆಯ ಪೇಪರ್. ಗೇಟಿನ ಬಳಿ ಬೆಂಕಿ ಹಚ್ಚಿ, ತಾಸೆಯನ್ನು ಮಗುಚಿ ಹಿಡಿದು ಚರ್ಮ ಕಾಯಿಸಿದರು. ನಡುನಡುವೆ ಕಡ್ಡಿಯಿಂದ ಕುಟ್ಟಿ ಕಿವಿಗೊಟ್ಟರು. ಮೊದಲು ‘ಡಬ್’ ಎಂದದ್ದು ಮೂರನೆಯ ಸಲಕ್ಕೆ ‘ಟಣ್’ ಎಂದಿತು. ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡುವ ನಮ್ಮ ಹುಡುಗ ಬಾಯಿ ತೆರೆದು ನಿಂತಿದ್ದ.

ಡೋಲು ಸೇರಿಕೊಂಡದ್ದೇ ನಮ್ಮ ಎಣಿಕೆ ಶುರು. ನಾನು ನಾಲ್ಕರ ಲೆಕ್ಕದಲ್ಲಿ, ಅವನು ಮೂರರ ಲೆಕ್ಕದಲ್ಲಿ. ವಿಚಿತ್ರವೆಂದರೆ ಹುಲಿಯ ಹೆಜ್ಜೆ ಇಬ್ಬರ ಲೆಕ್ಕಕ್ಕೂ ಸರಿಯಾಗಿ ಬೀಳುತ್ತಿತ್ತು. ಬಿಡುವಿನಲ್ಲಿ ತಾಸೆಯ ಹಿರಿಯರನ್ನು ಇದು ಯಾವ ತಾಳವೆಂದು ಕೇಳಿದೆ.

"ತಾಳ ಗೀಳ ಗೊತ್ತಿಲ್ಲ ಮಾರಾಯರೇ, ನಾನು ಹುಲಿಯ ಕಾಲು ನೋಡುತ್ತೇನೆ" ಎಂದು ಬೆವರು ಒರೆಸಿಕೊಂಡು ನೀರು ಕೇಳಿದರು.

ಸಂಜೆ ಹುಡುಗ ನನ್ನ ಮದ್ದಳೆಯಲ್ಲಿ ತಾಸೆಯ ಪೆಟ್ಟು ಹುಡುಕುತ್ತಿದ್ದ. ಎಲ್ಲಿ ಬರಬೇಕು? ಕರ್ಣೆ ಎಂಬ ಕಪ್ಪು ಲೇಪ ಹಚ್ಚಿದ ಆ ಬಲಬದಿ ತೀರಾ ಸಭ್ಯ. ಕೊನೆಗೆ ಅಡುಗೆಮನೆಯಿಂದ ಅಲ್ಯೂಮಿನಿಯಂ ತಟ್ಟೆ, ಹಿಡಿಸೂಡಿಯಿಂದ ಎರಡು ಕಡ್ಡಿ ತಂದ. ಅಚ್ಚರಿಯೆನಿಸುವಷ್ಟು ಹತ್ತಿರ ಬಂತು. ಎರಡನೆಯ ಸುತ್ತಿನಲ್ಲೇ ಅಮ್ಮ ಬಂದು ತಟ್ಟೆಯನ್ನೂ ಕಡ್ಡಿಯನ್ನೂ ಕಿತ್ತುಕೊಂಡು ಹೋದರು.