ಹಲಸಿನ ಪುಡಿಯೂ ಹೊಸ ವ್ಯಾಕ್ಯೂಮೂ
ಮೈಸೂರು, 18 ಫೆಬ್ರವರಿ 2024, ಭಾನುವಾರ

ಹಳೇ ವ್ಯಾಕ್ಯೂಮ್ ಕ್ಲೀನರ್ ಬುಧವಾರ ಸತ್ತಿತು. ಅದು ಮನೆ ಗುಡಿಸೋಕೆ ಅಂತ ತಂದದ್ದು. ಶೆಡ್ಡಿಗೆ ಎಳೆದುಕೊಂಡು ಹೋಗಿ ಮರದ ಪುಡಿ ತಿನ್ನಿಸಿದವನು ನಾನೇ. ಮಗಳ ಮನೆಗೆ ಹಲಸಿನ ಮರದ ಮಣೆ ಮಾಡುತ್ತಿದ್ದೆ. ಮರ ಉಜ್ಜುವ ಸ್ಯಾಂಡರ್‌ಗೆ ಪೈಪ್ ಸಿಕ್ಕಿಸಿ ಅರ್ಧ ಗಂಟೆ ಆಗಿರಬೇಕು. ಮೊದಲು ಸುಟ್ಟ ವಾಸನೆ, ಆಮೇಲೆ ಒಂದು ಕೀರಲು ದನಿ, ಆಮೇಲೆ ಏನೂ ಇಲ್ಲ.

"ಅಬ್ಬಾ, ನಿಂತ್ತಾ!" ಅಂದಳು ಹೆಂಡತಿ ಅಡುಗೆಮನೆಯಿಂದ. ಕರುಣೆಯೇ ಇಲ್ಲ.

ರಿಪೇರಿಯವನು ಮೋಟಾರ್ ಬಿಚ್ಚಿ ಹಳೇ ಪೇಪರ್ ಮೇಲೆ ತಟ್ಟಿದ. ಉದುರಿದ್ದು ಒಂದು ಹಿಡಿ ಅರಿಶಿನ! ಹಲಸಿನ ಪುಡಿ ನೋಡಿದರೆ ಥೇಟ್ ಹಾಗೇ ಇರುತ್ತೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದು ಹೆಸರುಕಾಳಿನಷ್ಟಾಗಿತ್ತು. "ಸಾರ್, ಮನೆ ಮಷೀನಲ್ಲಿ ಕಸ ಎಳೆಯೋ ಗಾಳಿನೇ ಮೋಟಾರನ್ನೂ ತಣ್ಣಗಿಡಬೇಕು. ಫಿಲ್ಟರ್ ಕಟ್ಟಿಕೊಂಡ್ರೆ ಗಾಳಿ ಇಲ್ಲ, ಗಾಳಿ ಇಲ್ಲ ಅಂದ್ರೆ ಮೋಟಾರ್ ಬೇಯುತ್ತೆ" ಅಂದ. ನೀರು, ಕಸ ಎರಡನ್ನೂ ಎಳೆಯುವ ಡ್ರಮ್ಮಿನಂಥ ಮಷೀನುಗಳಲ್ಲಿ ಸಾಮಾನ್ಯವಾಗಿ ಮೋಟಾರಿಗೆ ಬೇರೆ ಫ್ಯಾನು, ಬೇರೆ ಗಾಳಿದಾರಿ ಇರುತ್ತದಂತೆ. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ.

ಹೊಸದಕ್ಕೆ ಬಾಳಿಕೆ ಒಂದು ಕಡೆ ಇರಲಿ, ಸದ್ದೂ ಕಮ್ಮಿ ಇರಬೇಕಿತ್ತು. ಪಕ್ಕದ ಮನೆ ಹುಡುಗಿಗೆ ಮುಂದಿನ ತಿಂಗಳು ಸೆಕೆಂಡ್ ಪಿಯುಸಿ ಪರೀಕ್ಷೆ. ಅವಳ ಕಿಟಕಿಗೂ ನಮ್ಮ ಶೆಡ್ಡಿಗೂ ನಡುವೆ ಒಂದು ಕಾಂಪೌಂಡ್ ಗೋಡೆ, ಒಂದು ಕರಿಬೇವಿನ ಗಿಡ, ಅಷ್ಟೇ. ಪಾಪ, ಒಂದು ಸಲವೂ ಜಗಳಕ್ಕೆ ಬಂದವಳಲ್ಲ. "ಅಂಕಲ್, ಇನ್ನೂ ಎಷ್ಟು ಹೊತ್ತು?" ಅಂತ ಕೇಳಿದ್ದಳು, ಅಷ್ಟೇ. ಜಗಳ ಆಡಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ನಿನ್ನೆ ಸಂತೆಪೇಟೆಗೆ ಹೋದೆ. ಮೊದಲನೇ ಅಂಗಡಿಯವನು ಶುರು ಮಾಡಿದ್ದೇ ವ್ಯಾಟಿನಿಂದ. "ಇದು 1800 ವ್ಯಾಟು ಸಾರ್, ಭಾರಿ ಪವರ್." ವ್ಯಾಟ್ ಅಂದರೆ ಅದು ತಿನ್ನುವ ಕರೆಂಟಿನ ಲೆಕ್ಕ, ಎಳೆಯುವ ಗಾಳಿಯದ್ದಲ್ಲ. ಊಟದಲ್ಲಿ ಭೀಮ ಆದವರೆಲ್ಲ ಗದೆ ಎತ್ತುತ್ತಾರಾ? ಒಂದು ನಿಮಿಷ ಆನ್ ಮಾಡಿ ತೋರಿಸಿ ಅಂದೆ. ಅವನಿಗೆ ಇಷ್ಟವಾಗಲಿಲ್ಲ, ಆದರೂ ಮಾಡಿದ. ಸದ್ದು ಅಳೆಯೋ ಆ್ಯಪ್ ಹಾಕಿ ಒಂದು ಮೀಟರ್ ದೂರದಲ್ಲಿ ಫೋನ್ ಹಿಡಿದರೆ 84 ಡೆಸಿಬೆಲ್. ಫೋನಿನ ಆ್ಯಪ್ ಪಕ್ಕಾ ಲೆಕ್ಕ ಕೊಡಲ್ಲ, ಗೊತ್ತು. ಆದರೆ ಒಂದೇ ಫೋನು, ಅಷ್ಟೇ ದೂರ ಇಟ್ಟುಕೊಂಡರೆ ಎರಡು ಮಷೀನನ್ನು ಹೋಲಿಸೋಕೆ ಸಾಕು. ಮೂರನೇ ಅಂಗಡಿಯಲ್ಲಿದ್ದ 1200 ವ್ಯಾಟಿನದ್ದು 73 ತೋರಿಸಿತು.

ಹನ್ನೊಂದೇ ಅಲ್ವಾ ಅನ್ನಿಸಬಹುದು. ಡೆಸಿಬೆಲ್ ಲೆಕ್ಕವೇ ಬೇರೆ. 10 ಇಳಿದರೆ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ಕಿವಿಗೆ ಹೆಚ್ಚುಕಮ್ಮಿ ಅರ್ಧ ಅನ್ನಿಸುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45 ಮಿತಿ. ಕಾಂಪೌಂಡ್ ದಾಟುವಷ್ಟರಲ್ಲಿ 73 ಒಂದಿಷ್ಟು ಕರಗುತ್ತೆ ಅಂತ ಧೈರ್ಯ ಮಾಡಿದೆ.

ಆದರೂ ನಾನು ದುಡ್ಡು ತೆಗೆದದ್ದು ಇನ್ನೊಂದು ಉತ್ತರ ಕೇಳಿದ ಮೇಲೆ. "ಕಾರ್ಬನ್ ಬ್ರಷ್ಷು, ಫಿಲ್ಟರು ಬಿಡಿಯಾಗಿ ಸಿಗುತ್ತಾ?" ಅಂತ ಎಲ್ಲರನ್ನೂ ಕೇಳಿದ್ದೆ. ಮೊದಲನೆಯವನು "ಮೊದಲು ತಗೊಳಿ ಸಾರ್, ಆಮೇಲೆ ನೋಡೋಣ" ಅಂದಿದ್ದ. ಈ ಮೂರನೆಯವರು ಮಾತೇ ಆಡದೆ ಡ್ರಾಯರ್ ಎಳೆದು ಎರಡನ್ನೂ ಟೇಬಲ್ ಮೇಲಿಟ್ಟರು. ಒಂದು ಜೊತೆ ಬ್ರಷ್ ಕೂಡ ಅಲ್ಲೇ ಕೊಂಡೆ.

ಫಿಲ್ಟರ್ ಹೆಪಾ, ಅಂದರೆ ತೀರಾ ನುಣ್ಣನೆ ಪುಡಿಯನ್ನೂ ಹಿಡಿಯುವಂಥದ್ದು. 0.3 ಮೈಕ್ರಾನ್ ಕಣಗಳನ್ನು ಶೇಕಡಾ 99.97ರಷ್ಟು ಹಿಡಿದರೆ ಮಾತ್ರ ಆ ಹೆಸರಿಗೆ ಅರ್ಥ. ಸುಮ್ನೆ ಶೋಕಿಗಲ್ಲ. ಮರದ ಪುಡಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ನೆಲಕ್ಕೆ ಬೀಳುವ ಹೊಟ್ಟಿಗಿಂತ, ಬಿಸಿಲುಕೋಲಿನಲ್ಲಿ ತೇಲುವ ನುಣ್ಣನೆ ಪುಡಿಯೇ ಎದೆಗೆ ಕೆಟ್ಟದ್ದು. ಬೀಟೆ ಕೆಲಸ ಮಾಡಿದ ದಿನ ನನಗೆ ಮೊಣಕೈವರೆಗೂ ತುರಿಕೆ.

ಇವತ್ತು ಬೆಳಗ್ಗೆ ತಿಂಡಿ ಆದ ಕೂಡಲೇ ಜೋಡಿಸಿದೆ. ಸ್ಯಾಂಡರಿಗೂ ವ್ಯಾಕ್ಯೂಮಿಗೂ ನಡುವೆ ಒಂದು ಸೈಕ್ಲೋನ್ ಕೂರಿಸಿದ್ದೇನೆ. ಹಳೇ ಪೇಂಟ್ ಬಕೆಟ್, ಅದರ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಆಲಿಕೆ. ಗಾಳಿ ಅದರೊಳಗೆ ಗಿರಗಿರ ಸುತ್ತುವಾಗ ಪುಡಿ ಅಂಚಿಗೆ ಬಡಿದು ಬಕೆಟ್ಟಿಗೆ ಇಳಿಯುತ್ತೆ. ಮೂರು ಮಣೆ ಉಜ್ಜಿ ಮುಚ್ಚಳ ತೆಗೆದರೆ ಬಕೆಟ್ಟಿನಲ್ಲಿ ನಾಲ್ಕು ಬೆರಳು ಹಳದಿ ಪುಡಿ. ಫಿಲ್ಟರ್ ಮೇಲೆ ಬೆರಳು ಎಳೆದರೆ ಮಾತ್ರ ಗೆರೆ ಕಾಣುವಷ್ಟು. ಇಷ್ಟು ದಿನ ಇದೆಲ್ಲ ಮೋಟಾರಿಗೋ ನನ್ನ ಎದೆಗೋ ಹೋಗುತ್ತಿತ್ತು!

ಪ್ಲಗ್ 16 ಆ್ಯಂಪಿನ ಪಾಯಿಂಟಿಗೆ ಹಾಕಿದೆ. ವ್ಯಾಕ್ಯೂಮ್ 1200 ವ್ಯಾಟು, ಸ್ಯಾಂಡರ್ 300, ಎರಡೂ ಸೇರಿದರೆ ಆರು ಆ್ಯಂಪು ದಾಟುತ್ತೆ, ಸಣ್ಣ ಪಾಯಿಂಟಿಗೆ ಅದು ಜಾಸ್ತಿ. ಸದ್ದು ಇನ್ನೂ ಇಳಿಯಲಿ ಅಂತ ಬೀರುವಿನೊಳಗೆ ಇಡುವ ಯೋಚನೆಯೂ ಬಂತು. ರಿಪೇರಿಯವನ "ಬೇಯುತ್ತೆ" ನೆನಪಾಗಿ ಬಿಟ್ಟೆ. ಕೆಳಗೊಂದು ಹಳೇ ರಬ್ಬರ್ ಮ್ಯಾಟ್ ಹಾಸಿದೆ, ನೆಲದ ಗುಂಯ್ ಅನ್ನೋದು ನಿಂತಿತು.

ಸಂಜೆ ಕಾಂಪೌಂಡ್ ಹತ್ತಿರ ಹೋಗಿ ಕೇಳಿದೆ, "ಏನಮ್ಮ, ಇವತ್ತು ತೊಂದರೆ ಆಯ್ತಾ?"

"ವ್ಯಾಕ್ಯೂಮ್ ಕೇಳ್ಸಲೇ ಇಲ್ಲ ಅಂಕಲ್. ಆದ್ರೆ ಮಧ್ಯಾಹ್ನ ಇನ್ನೊಂದು ಏನೋ ಕಿರ್ರ್ ಅಂತಿತ್ತಲ್ಲ..."

ಅದು ರೌಟರ್, ಮರದ ಅಂಚು ಕೊರೆಯುವ ಮಷೀನು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ದಿನಾ ನಾಲ್ಕರಿಂದ ಆರರವರೆಗೆ ಅವಳು ಟ್ಯೂಷನ್‌ಗೆ ಹೋಗುತ್ತಾಳಂತೆ. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ: ರೌಟರ್, 4ರಿಂದ 6.