ಸ್ನ ಎಂದರೆ ಮೂಗು, ಜಿ ಎಂದರೆ ಜಿಗಣೆ

ಲೀಡ್ಸ್‌ನ ನಮ್ಮ ಬೀದಿಯ ಕೊನೆಯ ಮನೆಗೆ ಉಡುಪಿಯಿಂದ ಅಜ್ಜಿಯೊಬ್ಬರು ಬಂದಿದ್ದಾರೆ. ಮೊನ್ನೆ ಅವರ ಮೊಮ್ಮಗ, ಆರು ವರ್ಷದವ, ಶಾಲೆಯ ಹಾಳೆಯ ಮೇಲೆ ಒಂದು ಪ್ರಾಣಿ ಬಿಡಿಸುತ್ತ ಕೂತಿದ್ದ. ಹಸಿರು ಮೈ, ಎರಡು ಕಾಲು, ಮೂಗು ಮಾತ್ರ ನೆಲ ಮುಟ್ಟುವಷ್ಟು.

"ಎಂತಕ್ಕೆ ಮಗಾ ಇದಕ್ಕೆ ಇಷ್ಟುದ್ದ ಮೂಗು?"

"ಇದರ ಹೆಸರು ಸ್ನೆಮ್ ಅಲ್ವಾ ಅಜ್ಜಿ. ಸ್ನ ಇದ್ರೆ ಮೂಗು ದೊಡ್ಡದಿರ್ಬೇಕು."

ಸ್ನೆಮ್ ಎಂಬ ಪದ ಇಂಗ್ಲಿಷಿನಲ್ಲಿಲ್ಲ. ಇಂಗ್ಲೆಂಡಿನಲ್ಲಿ 2012ರಿಂದ ಇಯರ್ ಒನ್ ತರಗತಿಯ, ಐದಾರು ವರ್ಷದ ಮಕ್ಕಳಿಗೆ ಜೂನ್ ತಿಂಗಳಲ್ಲಿ ಓದಿನ ಪರೀಕ್ಷೆಯೊಂದಿದೆ. ಟೀಚರು ಒಂದೊಂದೇ ಮಗುವನ್ನು ಕೂರಿಸಿಕೊಂಡು 40 ಪದ ಓದಿಸುತ್ತಾರೆ. ಅದರಲ್ಲಿ 20 ಸುಳ್ಳು ಪದಗಳು. ಗೊತ್ತಿರುವ ಪದವಾದರೆ ಮಗು ಅದರ ಆಕಾರ ನೋಡಿಯೇ ಹೇಳಿಬಿಡಬಹುದು. ಇಲ್ಲದ ಪದವನ್ನು ಓದಬೇಕಾದರೆ ಅಕ್ಷರದ ಸದ್ದುಗಳನ್ನು ಕೂಡಿಸದೆ ದಾರಿಯಿಲ್ಲ. ಅನ್ಯಗ್ರಹದ ಪ್ರಾಣಿಯ ಹೆಸರು ಎಂದು ಮಕ್ಕಳಿಗೆ ಹೇಳಿರುತ್ತಾರೆ. ಅರ್ಥ ಇರಲೇಬಾರದೆಂದು ಕಟ್ಟಿದ ಇಂಥ ಪದಕ್ಕೇ ಈ ಹುಡುಗ ಮೂಗು ಅಂಟಿಸಿದ್ದ.

ಅವನ ಲೆಕ್ಕ ತಪ್ಪಲ್ಲ. ಮೂಸುವುದು ಸ್ನಿಫ್, ಗೊರಕೆ ಸ್ನೋರ್, ಹಂದಿಯ ಮೂತಿ ಸ್ನೌಟ್, ಸಿಂಬಳ ಸ್ನಾಟ್, ನಸ್ಯ ಸ್ನಫ್, ಮೂಗು ಮುರಿಯುವುದು ಸ್ನೀರ್. ಬೇರೆಯವರ ವಿಷಯಕ್ಕೆ ಮೂಗು ತೂರಿಸುವುದು ಸ್ನೂಪ್. ಇದು ಡಚ್ ಭಾಷೆಯಿಂದ ಬಂದದ್ದು, ಅಲ್ಲಿ ಅದಕ್ಕೆ ಸಿಹಿತಿಂಡಿ ಕದ್ದು ತಿನ್ನುವುದು ಎಂದರ್ಥ. ಇಂಗ್ಲಿಷಿಗೆ ಬಂದು ಸ್ನ ಬಳಗದ ಪಕ್ಕ ಕೂತ ಮೇಲೆ ಡಬ್ಬಿಯೊಳಗಿದ್ದ ಕೈ ಹೋಗಿ ಮೂಗಾಯಿತು. ಸ್ನೀಝ್‌ನ ಕತೆ ಇನ್ನೂ ಚಂದ. ಹಳೆಯ ಇಂಗ್ಲಿಷಿನಲ್ಲಿ ಸೀನುವುದಕ್ಕೆ ಫ್ನ ಎಂದು ಶುರುವಾಗುವ ಪದವಿತ್ತು. ಆ ಜೋಡಕ್ಷರ ಭಾಷೆಯಿಂದಲೇ ಬಿದ್ದುಹೋದಾಗ ಸೀನು ಅನಾಥವಾಯಿತು, ಮೂಗಿನ ಮನೆಯವರು ಒಳಗೆ ಕರೆದುಕೊಂಡರು. ಹಸ್ತಪ್ರತಿಗಳಲ್ಲಿ ಉದ್ದನೆಯ ಎಸ್ ಅಕ್ಷರ ಎಫ್‌ನಂತೆಯೇ ಕಾಣುತ್ತಿದ್ದುದೂ ಕಾರಣ ಎನ್ನುವವರಿದ್ದಾರೆ. ಇರಬಹುದು. ಆದರೆ ತಪ್ಪಾಗಿ ಓದಿದ್ದೆಲ್ಲ ಭಾಷೆಯಲ್ಲಿ ಉಳಿಯುವುದಿಲ್ಲ, ಇದು ಉಳಿಯಿತು.

ಅರ್ಥದ ಸುಳಿವು ಕೊಡುವ ಇಂಥ ಸದ್ದಿನ ತುಣುಕಿಗೆ 1930ರಲ್ಲಿ ಫೋನೆಸ್ತೀಮ್ ಎಂದು ಹೆಸರಿಟ್ಟವರು ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಅದಕ್ಕೆ ಮುಂಚೆ 1919ರಿಂದ 1928ರವರೆಗೆ ಅವರು ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್. ಸುತ್ತ ಪಂಜಾಬಿ, ಉರ್ದು ಕೇಳುತ್ತಿದ್ದ ಕಿವಿಗೆ ಸ್ವಂತ ಭಾಷೆಯ ಸದ್ದು ಹೊಸದಾಗಿ ಕೇಳಿಸಿರಬೇಕು ಎಂಬುದು ನನ್ನ ಊಹೆ.

ಗ್ಲ ಎಂದರೆ ಬೆಳಕು: ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಂಟ್, ಗ್ಲಾಸ್. ಗ್ಲ್ಯಾಡ್ ಕೂಡ ಇದೇ ಓಣಿಯದು. ಹಿಂದೆ ಅದಕ್ಕೆ ಹೊಳೆಯುವ ಎಂಬ ಅರ್ಥವಿತ್ತು, ಖುಷಿ ಆಮೇಲೆ ಬಂತು. ಆದರೆ ಡಿಕ್ಷನರಿಯ ಗ್ಲ ಪುಟ ತೆರೆದು ಎಣಿಸಿದರೆ ಬೆಳಕು, ನೋಟಕ್ಕೆ ಸೇರಿದವು ಹತ್ತರಲ್ಲಿ ನಾಲ್ಕರಷ್ಟೇ. ಗ್ಲೋಬ್ ಇದೆ, ಗ್ಲೂ ಇದೆ, ಕೈಗವಸಿನ ಗ್ಲವ್ ಇದೆ. ಸ್ನದಲ್ಲೂ ಹಾಗೆಯೇ: ಹಾವು, ಬಸವನಹುಳಗಳ ಸ್ನೇಕ್, ಸ್ನೇಲ್ ತೆವಳು ಎಂಬರ್ಥದ ಬೇರಿನವು, ಮೂಗಿಗೆ ಸಂಬಂಧವಿಲ್ಲ. ಇದನ್ನು ನಿಯಮ ಅಂದುಕೊಂಡು ಗೊತ್ತಿಲ್ಲದ ಪದದ ಅರ್ಥ ಊಹಿಸಲು ಹೋದರೆ ಎಡವುವುದು ಖಂಡಿತ. ನೆನಪಿಗೆ ಒಳ್ಳೆಯ ಕೊಕ್ಕೆ, ಅಷ್ಟೆ. 2004ರಲ್ಲಿ ಭಾಷಾವಿಜ್ಞಾನಿ ಬೆಂಜಮಿನ್ ಬರ್ಗನ್ ಇದನ್ನು ಪರೀಕ್ಷಿಸಿ ನೋಡಿದರು: ಗ್ಲಿಟರ್ ತೋರಿಸಿದ ಮೇಲೆ ಗ್ಲೋ ತೋರಿಸಿದರೆ ಜನ ಬೇಗ ಗುರುತಿಸುತ್ತಾರೆ, ಸದ್ದು ಮಾತ್ರ ಅಥವಾ ಅರ್ಥ ಮಾತ್ರ ಹೊಂದುವ ಜೋಡಿಗೆ ಆ ವೇಗ ಇಲ್ಲ.

ಟ್ವ ಮಾತ್ರ ಬೇರೆ ಜಾತಿ. ಅದು ನಿಜವಾದ ರಕ್ತಸಂಬಂಧ, ಎರಡು ಎಂಬ ಬೇರಿನದು. ಟ್ವಿನ್, ಟ್ವೈಸ್, ಎರಡೆಳೆ ಹೊಸೆದ ಟ್ವೈನ್, ಎರಡು ಹತ್ತು ಟ್ವೆಂಟಿ, ಹತ್ತು ತೆಗೆದು ಎರಡು ಮಿಕ್ಕದ್ದು ಟ್ವೆಲ್ವ್. ಟೂ ಎಂಬುದರ ಸ್ಪೆಲಿಂಗಿನಲ್ಲಿ ಸುಮ್ಮನೆ ಕೂತಿರುವ ಡಬ್ಲ್ಯು ಯಾಕಿದೆ ಎಂಬುದಕ್ಕೂ ಇದೇ ಉತ್ತರ. ಕನ್ನಡದಲ್ಲಿ ಇರ್ ಮಾಡುವ ಕೆಲಸ ಇದೇ: ಇಬ್ಬರು, ಇಮ್ಮಡಿ, ಇಕ್ಕೆಲ, ಇನ್ನೂರು, ಇಪ್ಪತ್ತು. ನೆನಪಿಗೆ ಕೊಕ್ಕೆಯಾಗುವ ಇನ್ನೊಂದು ಗುಂಪು ಸ್ಪೆಲಿಂಗಿನಲ್ಲಿ ಕೆ ಎನ್ ಇರುವ ಕ್ನ: ಮೊಣಕಾಲು ನೀ, ಬೆರಳ ಗೆಣ್ಣು ನಕಲ್, ಬಾಗಿಲ ಹಿಡಿ ನಾಬ್, ಗಂಟು ನಾಟ್, ಎಲ್ಲ ಗುಬುಟು ಗುಬುಟು. ಊರಲ್ಲಿ ನಮಗೆ ಕೆ ಸೈಲೆಂಟ್ ಎಂದಷ್ಟೇ ಹೇಳಿಕೊಟ್ಟು ಮುಂದೆ ಹೋಗುತ್ತಿದ್ದರು. ಒಂದು ಕಾಲದಲ್ಲಿ ಅದನ್ನು ಉಚ್ಚರಿಸುತ್ತಿದ್ದರು, ಜರ್ಮನರು ಮೊಣಕಾಲಿಗೆ ಇವತ್ತಿಗೂ ಕ್ನೀ ಅನ್ನುತ್ತಾರೆ ಎಂಬ ಒಂದು ಮಾತು ಸೇರಿಸಿದ್ದರೆ ಆ ಕೆ ಜೀವಮಾನವಿಡೀ ಮರೆಯುತ್ತಿರಲಿಲ್ಲ.

ಟಿಎಚ್ ಕೂಡ ಹಾಗೆಯೇ ತೇಲಿಹೋದ ಪಾಠ. ಬೆರಳು ತೋರಿಸುವ ಸಣ್ಣ ಪದಗಳು, ಅಂದರೆ ದಿಸ್, ದ್ಯಾಟ್, ದೇರ್, ದೆನ್, ದೇ, ಎಲ್ಲ ದಕಾರ. ವಸ್ತು, ಗುಣ, ಕೆಲಸ ಹೇಳುವವು, ಥಿನ್, ಥಿಕ್, ಥಿಂಕ್, ಥ್ಯಾಂಕ್, ಥಕಾರ. ಥ್ರೂ ಒಂದು ಕೈಕೊಡುತ್ತದೆ.

ನಮ್ಮಲ್ಲಿ ಎಸ್ ಎನ್ ಈ ಈ ಝಡ್ ಈ ಸ್ನೀಝ್, ಸ್ನೀಝ್ ಎಂದರೆ ಸೀನು ಎಂದು ಹತ್ತು ಸಲ ಬರೆಸಿದರು. ಕೈ ಕಲಿಯಿತು, ಕಿವಿ ಕಲಿಯಲಿಲ್ಲ. ಈಗಿನ ಮಕ್ಕಳಿಗೆ ಕನ್ನಡ ಪದಗಳೂ ಹೀಗೇ, ಪರೀಕ್ಷೆಯ ಹಿಂದಿನ ರಾತ್ರಿ ಬರುತ್ತವೆ ಎಂದು ಊರಿನಿಂದ ಬಂದವರು ಹೇಳುತ್ತಾರೆ.

ಅಜ್ಜಿಗೆ ಫೋನೆಸ್ತೀಮ್ ಎಲ್ಲ ಬೇಕಿರಲಿಲ್ಲ. ಹೊರಗೆ ಹಿಮ ಕರಗಿ ಕಪ್ಪು ರಾಡಿಯಾಗಿತ್ತು. ಅದು ಸ್ಲಶ್, ಸ್ಲಿಪ್ ಆಗ್ತದೆ, ಸ್ಲೋ ಆಗಿ ನಡೀಬೇಕು ಎಂದು ಹುಡುಗ ಅವರನ್ನು ಎಚ್ಚರಿಸಿದ. ಮಳೆಗಾಲದ ಬಾವಿಕಟ್ಟೆ ಹಾಗೆ ಅಲ್ವಾ, ಎಂದರು ಅವರು. ಮುರಕಲ್ಲಿನ ಮೇಲೆ ಹಾವಸೆ ಹಿಡಿದು ಹಸಿರಾದ ಮೆಟ್ಟಿಲು, ಕಾಲಿಟ್ಟರೆ ಕೊಡಪಾನ ಸಮೇತ ಕೆಳಗೆ. "ನಮ್ಮಲ್ಲೂ ಉಂಟು ಮಗಾ" ಎಂದು ಶುರುಮಾಡಿದರು. ಜಿಟಿಜಿಟಿ ಮಳೆ. ಗೋಡೆಯಲ್ಲಿ ಜಿನುಗುವ ನೀರು. ಹಲಸಿನಹಣ್ಣು ಬಿಡಿಸಿದ ಕೈಯ ಜಿಗುಟು. ದೀಪದ ಕಾಲಿನ ಜಿಡ್ಡು. ಗದ್ದೆಬದಿಯಲ್ಲಿ ನಡೆದು ಬಂದರೆ ಕಾಲಿಗೆ ಹತ್ತಿದ ಜಿಗಣೆ. ಜಿಂಕೆಯೊಂದು ಒಣಗಿಕೊಂಡೇ ಉಳಿಯಿತು, ನಿಜ. ಜಿಪುಣನನ್ನು ಬೇಕಾದರೆ ಸೇರಿಸಬಹುದು, ಕಾಸಿಗೆ ಅಂಟಿಕೊಂಡವನೇ ತಾನೆ. ಬೆಳಕಿಗೂ ನಮ್ಮಲ್ಲೊಂದು ಗ್ಲ ಇದೆ: ಮಿಂಚು, ಮಿನುಗು, ಮಿರುಗು, ಮಿಣಮಿಣ, ಮಿಂಚುಹುಳ. ಹಳೆಯ ತಮಿಳಿನಲ್ಲಿ ಮೀನ್ ಎಂದರೆ ನಕ್ಷತ್ರ ಕೂಡ. ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವ ಬುಟ್ಟಿಯಿಂದ ಸುರಿದ ಬೂತಾಯಿ ಮೀನಿನ ರಾಶಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಅಕಾರಾದಿಯಾಗಿ ಇರುವುದರಿಂದ ಒಂದೇ ಬೇರಿನವೂ ಬರೀ ನೆರೆಹೊರೆಯವೂ ಅಲ್ಲಿ ಒಟ್ಟಿಗೇ ಸಿಗುತ್ತವೆ. ಯಾವುದು ಯಾವುದೆಂದು ಬಿಡಿಸುತ್ತ ಕೂರಲು ಒಂದು ಮಳೆಗಾಲ ಸಾಲದು.

ಹುಡುಗ ಹಾಳೆ ತಿರುಗಿಸಿ ಪೆನ್ಸಿಲನ್ನು ಅಜ್ಜಿಯ ಕೈಗೆ ಕೊಟ್ಟ. ಈಗ ಅವರು ಒಂದು ಕನ್ನಡ ಪ್ರಾಣಿ ಬಿಡಿಸಬೇಕಂತೆ. ಅವರು ಹೆಸರಿಟ್ಟರು, ಜಿಬ್ಬೂಳ. ಕಾಲಿಲ್ಲ, ಕಣ್ಣಿಲ್ಲ, ಉದ್ದಕ್ಕೆ ಒಂದು ಗೆರೆ, ಸುತ್ತ ಹನಿ ಹನಿ.

ಅವನು ಅದರ ಮೇಲೆ ಬೆರಳಿಟ್ಟು ನೋಡಿ, ಬೆರಳನ್ನು ಮೆಲ್ಲ ಅಂಗಿಗೆ ಒರೆಸಿಕೊಂಡ.